ಹೆರೆದ ಹಾಳೆಯಲ್ಲಿದ್ದ ಹೆಸರು

ರಾಜನ ಮಾತು ರಾಜನ ಕುದುರೆಗಿಂತ ಬೇಗ ಊರು ಮುಟ್ಟುತ್ತಿದ್ದ ಕಾಲದಲ್ಲಿ, ಮೋಸೆಲ್ ಹೊಳೆಯ ತಿರುವಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳಿಗೊಬ್ಬ ಮಗನಿದ್ದ; ಮಗನಿಗೆ ಗೋರಿ ಇರಲಿಲ್ಲ. ನಮ್ಮಜ್ಜಿಯ ಕಥೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಈ ಕಥೆಯ ಅಜ್ಜಿ ಅವಳೇ, ಲಾಂತಿಲ್ಡಾ. ಮೊಮ್ಮಗಳು ನಾನು. ಕಥೆ ಕೆಡಿಸಿದವಳೂ ನಾನೇ.

ನನ್ನ ಸೋದರಮಾವ ಫೋಲ್ಕ್ವಿನ್ ರಾಜನ ದಂಡಿನ ಜೊತೆ ಸ್ಯಾಕ್ಸನರ ಮೇಲೆ ಯುದ್ಧಕ್ಕೆ ಹೋದವನು, ಹೊಳೆ ದಾಟುವಾಗ ಕೊಚ್ಚಿಹೋದ. ಹೆಣ ಸಿಗಲಿಲ್ಲ. ಅಜ್ಜಿಗೆ ಉಳಿದದ್ದು ಒಂದೇ, ಅವನ ಹೆಸರು. ಸಂತ ಮಾರ್ಟಿನನ ಹಬ್ಬದಲ್ಲಿ ನಾವು ರೊಟ್ಟಿ, ದ್ರಾಕ್ಷಾರಸ ಒಪ್ಪಿಸಿದ ಮೇಲೆ ಪಾದ್ರಿ ಹುನಿಬೆರ್ಟ್ ಊರಿನ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಫೋಲ್ಕ್ವಿನ್ ಎಂದಾಗ ಅಜ್ಜಿ, ಬಾಗಿಲಲ್ಲಿ ಯಾರೋ ಕರೆದ ಹಾಗೆ, ತಲೆ ಎತ್ತುತ್ತಿದ್ದಳು.

ನನ್ನನ್ನು ಸನ್ಯಾಸಿನಿಯರ ಹತ್ತಿರ ಅಕ್ಷರ ಕಲಿಯಲು ಕಳಿಸಿದ್ದೂ ಅದಕ್ಕೇ. "ಪಾದ್ರಿಗೆ ಕಣ್ಣು ಮಂಜಾಗ್ತಿದೆ ಪುಟ್ಟಿ. ಅವರ ಕೈಲಿ ಆಗ್ದೇ ಹೋದ್ರೆ ನೀನಾದ್ರೂ ಓದ್ಬೇಕು. ವರ್ಷಕ್ಕೊಂದ್ಸಲ ಅವನ ಹೆಸರು ಆ ಗುಡಿಯೊಳಗೆ ಕೇಳ್ಬೇಕು." ಒಂಬತ್ತು ವರ್ಷದ ನಾನು ಆಯ್ತಜ್ಜಿ ಎಂದು ಮಾತು ಕೊಟ್ಟಿದ್ದೆ.

ಹತ್ತು ವರ್ಷ ಕಳೆದ ಮೇಲೆ ರಾಜನ ಅಪ್ಪಣೆ ಬಂತು. ರಾಜ್ಯದಲ್ಲೆಲ್ಲ ರೋಮಿನ ರೀತಿಯಲ್ಲೇ ಪೂಜೆ ಆಗಬೇಕು. ಹೆಸರುಗಳನ್ನು ಮೊದಲೇ ಎಲ್ಲರೆದುರು ಓದಬಾರದು, ಪೂಜೆಯ ನಡುವೆ ಪಾದ್ರಿ ತನ್ನೊಳಗೇ ಹೇಳಿಕೊಳ್ಳಬೇಕು. ಗುಡಿಯ ಹಳೇ ಪೂಜೆ ಪುಸ್ತಕವನ್ನು ಹೆರೆದು ಹೊಸ ಪ್ರಾರ್ಥನೆ ಬರೆಯುವ ಕೆಲಸ ಅಕ್ಷರ ಬಲ್ಲ ನನಗೆ ಬಿತ್ತು. ತೊಗಲಿನ ಹಾಳೆಯನ್ನು ಹಾಲಿನಲ್ಲಿ ನೆನೆಸಿ, ಮೇಲೆ ಧಾನ್ಯದ ಹೊಟ್ಟು ಉದುರಿಸಿ, ಚಾಕುವಿನಿಂದ ಮೆಲ್ಲಗೆ ಹೆರೆದರೆ ಮಸಿ ಪುಡಿಯಾಗಿ ಏಳುತ್ತದೆ. ಹೆಸರುಗಳ ಹಾಳೆ ಬಂದಾಗ ಕೈ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೆಲಸ ನಾಜೂಕಾಗಿ ಬರುತ್ತಿತ್ತು, ಬಿಷಪ್ಪರ ಕಡೆಯವರೊಬ್ಬರು ನೋಡಲು ಬರುವವರಿದ್ದರು, ನನಗೆ ಭೇಷ್ ಅನ್ನಿಸಿಕೊಳ್ಳುವ ಆಸೆ. ಮಾವನ ಹೆಸರಿನ ಪುಡಿಯನ್ನು ಊದಿಬಿಟ್ಟೆ. ಬಂದವರು ಹಾಳೆಯ ಮೇಲೆ ಬೆರಳಾಡಿಸಿ, ಗುರುತೇ ಉಳಿದಿಲ್ಲವಲ್ಲ ಎಂದು ಹೊಗಳಿದರು. ನಾನು ನಾಚಿ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಅಪ್ಪಣೆಯ ವಿಷಯ ನಾನು ಅಜ್ಜಿಗೆ ಹೇಳಿರಲಿಲ್ಲ. ಆ ವರ್ಷದ ಹಬ್ಬದಲ್ಲಿ ಪಾದ್ರಿಯ ತುಟಿ ಮಾತ್ರ ಅಲ್ಲಾಡಿತು. ಪಟ್ಟಿಯೇ ಇಲ್ಲದೆ ಯಾರ್ಯಾರನ್ನು ನೆನೆದರೋ. ಮನೆಗೆ ಬರುವಾಗ ಅಜ್ಜಿ ಕೇಳಿದಳು, "ಓದಿದ್ರಾ?"

"ಹೂಂ ಅಜ್ಜಿ, ಓದಿದ್ರು."

ಅವಳು ನಕ್ಕಳು. "ಹಾಗಾದ್ರೆ ನನ್ನ ಕಿವಿ ಹೋಯ್ತು ಬಿಡು."

ಅವಳ ಕಿವಿಗೆ ಏನೂ ಆಗಿರಲಿಲ್ಲ. ಅಟ್ಟದ ಮೇಲೆ ಇಲಿ ಓಡಾಡಿದರೂ ಕೇಳುತ್ತಿತ್ತು. ಆದರೂ ಅಂದಿನಿಂದ ಯಾರು ಮಾತಾಡಿದರೂ ಅಂಗೈಯನ್ನು ಕಿವಿಗೆ ಆನಿಸಿಕೊಳ್ಳತೊಡಗಿದಳು, ತನ್ನನ್ನೇ ನಂಬದವಳ ಹಾಗೆ. ಮಗನ ಹೆಸರೇ ಕೇಳಿಸದ ಕಿವಿ ಇನ್ನೇನು ಕೇಳೀತು ಎನ್ನುವಳು. ಕಥೆ ಹೇಳುವುದನ್ನೂ ಬಿಟ್ಟಳು. ಪಕ್ಕದ ಮನೆಯಾಕೆ ಮದ್ದೆಂದು ಒಂದು ಗಡಿಗೆ ಹೆಬ್ಬಾತಿನ ಕೊಬ್ಬು ಕೊಟ್ಟಳು. ಅದನ್ನು ಬೆಚ್ಚಗೆ ಕರಗಿಸಿ, ನೆಟ್ಟಗಿದ್ದ ಆ ಕಿವಿಗಳಿಗೆ ಬಿಡುತ್ತಿದ್ದವಳು ನಾನೇ. ಒಂದು ವರ್ಷ ಪೂರ್ತಿ ಬಿಟ್ಟೆ.

ಮತ್ತೆ ಹಬ್ಬ ಬಂತು. ಹಿಂದಿನ ದಿನ ಅವಳು ಎಂದಿನಂತೆ ತಲೆ ಓರೆ ಮಾಡಿ ಕೂತಿದ್ದಳು. ನಾನು ಕೊಬ್ಬು ಬಿಡತೊಡಗಿದೆ.

"ಅಜ್ಜಿ, ನಿನ್ನ ಕಿವಿ ಚೆನ್ನಾಗಿದೆ. ಅವರು ಓದ್ಲೇ ಇಲ್ಲ. ಆ ಹಾಳೆ ಹೆರೆದವಳು ನಾನು."

ಪಿಸುಮಾತಿನಲ್ಲೇ ಹೇಳಿದ್ದೆ. ಒಂದೇ ಸಲಕ್ಕೆ ಕೇಳಿಸಿತು. ಅವಳು ತಲೆ ನೆಟ್ಟಗೆ ಮಾಡಲಿಲ್ಲ. ಕರಗಿದ ಕೊಬ್ಬು ಕಿವಿಯಿಂದ ಕುತ್ತಿಗೆಗೆ ಇಳಿಯಿತು.

"ಒಂದು ಗಡಿಗೆ ಕೊಬ್ಬು ದಂಡ ಮಾಡ್ದೆಯಲ್ಲೇ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದಳು, "ನಾಳೆಗೆ ರೊಟ್ಟಿ ಸುಡ್ಲೋ, ಬೇಡ್ವೋ?"

"ಸುಡು ಅಜ್ಜಿ."

ಮರುದಿನ ರೊಟ್ಟಿ ಒಪ್ಪಿಸಿದೆವು. ಹಾಳೆ ಹೊಗಳಿದ ಆ ಬಿಷಪ್ಪರ ಕಡೆಯವರೂ ಬಂದು ಪೀಠದ ಪಕ್ಕ ನಿಂತಿದ್ದರು. ಪಾದ್ರಿ ನನ್ನ ಅಂದವಾದ ಅಕ್ಷರಗಳ ಮೇಲೆ ಬಗ್ಗಿದರು, ತುಟಿ ಅಲ್ಲಾಡಿತು. ಗುಡಿ ನಿಶ್ಶಬ್ದವಾಯಿತು. ನಾನು ಹೆಂಗಸರ ನಡುವಿನಿಂದ ಒಂದು ಹೆಜ್ಜೆ ಮುಂದೆ ಬಂದೆ.

"ಫೋಲ್ಕ್ವಿನ್," ಎಂದೆ, ಹೊಸ್ತಿಲಾಚೆಗೂ ಕೇಳುವಂತೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ತಿರುಗಲಿಲ್ಲ. ಬಾಗಿಲಲ್ಲಿ ಯಾರೋ ಕರೆದ ಹಾಗೆ ತಲೆ ಎತ್ತಿದಳು.