‘ಆಗಲೇ’ ಎನ್ನದ ದೊಡ್ಡಕ್ಕ

ದೊಡ್ಡಕ್ಕನ ಬಾಯಲ್ಲಿ ‘ಆಗಲೇ’ ಎಂಬ ಮಾತು ಬರುತ್ತಿರಲಿಲ್ಲ. ಚಹಾ ಬೇಗ ಬಂದರೆ “ಹೊತ್ತಿಗೆ ಸರಿಯಾಗಿ ಬಂತು” ಎನ್ನುವಳು. ತಲೆ ನೆರೆತದ್ದಕ್ಕೂ “ಬರೋ ಕಾಲಕ್ಕೇ ಬಂದಿದೆ, ಬಿಡಿ” ಎನ್ನುವಳು. ಬಸ್ಸು ಬೇಗ ತಂದಿಳಿಸಿದ ದಿನ ಆಸ್ಪತ್ರೆಯ ಗೇಟಿನ ಹೊರಗೇ ಸುಳಿದಾಡಿ, ಹೊತ್ತಾದ ಮೇಲೆಯೇ ಒಳಗೆ ಕಾಲಿಡುವಳು.

“ಸೂರ್ಯನೂ ನಿಮ್ಮನ್ನ ಕೇಳ್ಕೊಂಡೇ ಹುಟ್ಟಬೇಕೇನೋ!” ಎಂದು ಆಯಾ ಛೇಡಿಸುವಳು.

“ಕೇಳಿದ್ರೆ ಅವನಿಗೇ ಒಳ್ಳೇದು.”

ದಿನ ತುಂಬದೆ ಹುಟ್ಟಿದ ಕೂಸುಗಳ ಕೋಣೆಗೆ ಆಕೆ ಹಿರಿಯ ನರ್ಸು. ನೆಲದಡಿಯಲ್ಲೂ ಯಾರೋ ಮಲಗಿದ್ದಾರೆಂಬಂತೆ ಹಿಮ್ಮಡಿ ಊರದ ನಡಿಗೆ. ಬಿಳಿ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಉಣ್ಣೆಯ ಟೋಪಿ. ಬಿಡುವಾದಾಗಲೆಲ್ಲ ಕೈ ಅದನ್ನು ಬೆಚ್ಚಗೆ ಹಿಡಿದಿರುತ್ತಿತ್ತು. ಮಾತನ್ನೂ ಹಾಗೆಯೇ ಬೆಚ್ಚಗೆ ಮಾಡಿ ಕೊಡುವಳು: ವೈದ್ಯರಿಗೆ ‘ದಿನ ತುಂಬಿಲ್ಲ’, ಅಪ್ಪಂದಿರಿಗೆ ‘ಸ್ವಲ್ಪ ಮುಂಚಿತವಾಗಿ’, ತಾಯಂದಿರಿಗೆ ‘ನಿನ್ನ ಮುಖ ನೋಡೋ ಅವಸರ ಇದಕ್ಕೆ’.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ “ಆಗಲೇ ಹುಟ್ಟಿತಾ?” ಎಂದು ಮೆಲುದನಿಯಲ್ಲಿ ಕೇಳಿ ಬೆರಗಾಗಿ ನಕ್ಕಿದ್ದಳು. ಸಂಜೆಯೊಳಗೆ ಅದೇ ತಾಯಿ, ಅದೇ ಮೆಲುದನಿಯಲ್ಲಿ, “ಆಗಲೇ ಹೋಯಿತಾ?” ಎಂದು ಕೇಳಿದಳು. ಅಂದಿನಿಂದ, ಆ ಮಾತಿನ ಬೆನ್ನಿಗೆ ಇನ್ನೇನು ಬರುವುದೋ ಎಂಬ ದಿಗಿಲು ದೊಡ್ಡಕ್ಕನನ್ನು ಬಿಟ್ಟಿರಲಿಲ್ಲ.

ಆ ದಿಗಿಲು ಒಮ್ಮೆ ಮನೆಯಿಂದಲೇ ಎದ್ದು ಬಂತು. ತಂಗಿಯ ಮಗಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲೇರಿದಳು.

“ದೊಡ್ಡಮ್ಮಾ, ಇನ್ನೂ ಎರಡು ತಿಂಗಳಿತ್ತಲ್ಲಾ!”

“ಇತ್ತು ಕಣೇ. ಒಳಗಿರೋರಿಗೆ ಲೆಕ್ಕ ಬರಲ್ಲ, ಅಷ್ಟೆ.”

ಬಾಯಿ ನಗಿಸುತ್ತಿದ್ದರೂ ಜೇಬಿನೊಳಗಿನ ಕೈ ಟೋಪಿಯನ್ನು ಹಿಂಡುತ್ತಿತ್ತು. ಹುಟ್ಟಿದ ಹೆಣ್ಣುಮಗುವಿಗೆ ಆ ಟೋಪಿಯೂ ದೊಡ್ಡದಾಯಿತು. ಗಾಜಿನ ಪೆಟ್ಟಿಗೆಯೊಳಗೆ, ಮೂಗಿನ ಸಣ್ಣ ನಳಿಗೆಯಿಂದ ಹನಿಹನಿ ಹಾಲು. ಚೀಪಲು ಕಲಿಯುವುದಕ್ಕೆ ವಾರಗಳೇ ಬೇಕು, ಅಲ್ಲಿಯವರೆಗೆ ಉಳಿದರೆ, ಎಂದರು ವೈದ್ಯರು. ಬಾಣಂತಿ ಪಕ್ಕದ ಕೋಣೆಯಿಂದ “ದೊಡ್ಡಮ್ಮಾ, ಇನ್ನೂ...” ಎಂದು ಕೂಗಿ ಅಲ್ಲಿಗೇ ನಿಲ್ಲಿಸುವಳು. “ಇನ್ನೂ ಇದ್ದಾಳೆ,” ಎಂದು ದೊಡ್ಡಕ್ಕ ಆ ಮಾತನ್ನು ಮುಗಿಸಿಕೊಡುವಳು. ದಿನವೆಲ್ಲ ಆ ಎದೆಗೂಡಿನ ಏರಿಳಿತ ನೋಡುತ್ತ ತಾನು ಉಸಿರಾಡುವುದನ್ನೇ ಮರೆಯುವಳು.

ಒಂದು ಬೆಳಿಗ್ಗೆ ತುಟಿಯಂಚಿಗೆ ಉಕ್ಕಿ ಬಂದ ಹಾಲು ಒರೆಸಲು ಕಿರುಬೆರಳು ತಾಗಿಸಿದಳು. ತುಟಿ ಬೆರಳನ್ನು ಒಳಗೆಳೆದುಕೊಂಡಿತು.

“ಅಯ್ಯೋ, ಆಗಲೇ...”

ಹೊರಬಿದ್ದ ಮಾತಿಗೆ ತಾನೇ ಬೆಚ್ಚಿ ದೊಡ್ಡಕ್ಕ ಬಾಯಿ ಮುಚ್ಚಿಕೊಂಡಳು. ಪಕ್ಕದ ಕೋಣೆಯಲ್ಲಿ ಲೋಟ ಬಿದ್ದ ಸದ್ದು. ಗೋಡೆ ಹಿಡಿದುಕೊಂಡು ಬಂದ ಬಾಣಂತಿಯ ಮುಖದಲ್ಲಿ ರಕ್ತವಿರಲಿಲ್ಲ.

“ಆಗಲೇ... ಏನು, ದೊಡ್ಡಮ್ಮಾ?”

“ಚೀಪ್ತಿದ್ದಾಳೆ ಕಣೇ. ಆಗಲೇ ಚೀಪ್ತಿದ್ದಾಳೆ, ಕಳ್ಳಿ!”

ಇಬ್ಬರೂ ಅತ್ತರು. ಬೆರಳು ಮಾತ್ರ ಅಲ್ಲೇ ಇತ್ತು, ಸಣ್ಣಗೆ ನಡುಗುತ್ತ.

ಕಾಯುವ ಕೆಲಸದವರೆಲ್ಲ ಹೀಗೆಯೇ ಇರುತ್ತಾರೇನೋ. ಕೆಟ್ಟದ್ದು ಹೊತ್ತಿಗೆ ಮುಂಚೆ ನುಗ್ಗೀತೆಂದು ಬಾಗಿಲಿಗೆ ಬೆನ್ನೊತ್ತಿ ನಿಂತಿರುತ್ತಾರೆ. ಎಂದೋ ಒಮ್ಮೆ ಒಳ್ಳೆಯದೂ ಬೇಗ ಬಂದು ಅದೇ ಬಾಗಿಲು ತಟ್ಟುತ್ತದೆ. ತಟ್ಟುವ ಸದ್ದು ಎರಡರದ್ದೂ ಒಂದೇ ಆದ್ದರಿಂದ, ಅಗುಳಿ ತೆಗೆಯುವಾಗ ಅವರ ಕೈ ನಡುಗದೆ ಇರುವುದಿಲ್ಲ.