ಹದಿನೇಳನೆಯ ಪ್ರಶ್ನೆ

ಉಪಗ್ರಹ ಕೇಂದ್ರದಲ್ಲಿ ಎಲ್ಲರೂ ಅವರನ್ನು ಮೋಡದಮ್ಮ ಅನ್ನುತ್ತಿದ್ದರು. ಮೋಡದ ನೆತ್ತಿಯ ಉಷ್ಣತೆಯನ್ನು ಆಕಾಶದಿಂದಲೇ ಅಳೆಯುವ ಉಪಕರಣವನ್ನು ಸರ್ಕಾರದ ಹವಾಮಾನ ಉಪಗ್ರಹಗಳಿಗೆ ಮಾಡಿಕೊಟ್ಟವರು ಅವರು. ಇಪ್ಪತ್ತಾರು ವರ್ಷ ಅದೇ ಕೆಲಸ. ಕೊನೆಯ ಉಪಗ್ರಹದ ಉಪಕರಣ ಎರಡು ಡಿಗ್ರಿ ಹೆಚ್ಚು ತೋರಿಸತೊಡಗಿದಾಗ, ಅಂದರೆ ನೆತ್ತಿ ತೀರಾ ತಣ್ಣಗಿರುವ ಬಿರುಗಾಳಿಯ ಮೋಡವನ್ನು ಸಾಧಾರಣ ಮೋಡವೆನ್ನತೊಡಗಿದಾಗ, ತಪ್ಪು ಹಿಡಿದವರೂ ಅವರೇ. ಹೊಸದು ಹಾರುವವರೆಗೆ ಸುಮ್ಮನಿರಿ ಎಂದರು ಮೇಲಿನವರು. ಇವರು ಸುಮ್ಮನಿರದೆ ಎಲ್ಲ ಹವಾಮಾನ ಕಚೇರಿಗಳಿಗೂ ಬರೆದು ತಿಳಿಸಿದರು. ಯಾರೂ ಬೈಯಲಿಲ್ಲ. ಆರು ತಿಂಗಳಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಕಳಿಸಿದರು.

“ಬಡ್ತಿ ಕೊಟ್ಟು ಬಾಗಿಲು ತೋರಿಸಿದ್ರು ಬಿಡಿ,” ಎಂದು ಗಂಡನ ಮುಂದೆ ನಕ್ಕಿದ್ದರು.

ಈಗ ಐದನೆಯ ವರ್ಷ. ಬೆಳಗಾದರೆ ಹಾಸ್ಟೆಲಿನ ನೀರಿನ ಕಡತ, ಸೋರುವ ಗ್ರಂಥಾಲಯ, ಒಬ್ಬರನ್ನು ಕಂಡರೆ ಒಬ್ಬರಿಗಾಗದ ವಿಭಾಗ ಮುಖ್ಯಸ್ಥರು. ಭೌತಶಾಸ್ತ್ರವೆಂಬ ಮಾತು ಅವರ ಮೇಜಿಗೆ ಬರುತ್ತಿದ್ದುದು ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಮಾತ್ರ.

ಒಂದು ಮಧ್ಯಾಹ್ನ ಭೌತಶಾಸ್ತ್ರದ ಹಿರಿಯ ಮೇಷ್ಟ್ರು ಪ್ರಶ್ನೆಪತ್ರಿಕೆ ಹಿಡಿದು ಬಂದರು.

“ಹದಿನೇಳನೇದು ನೋಡಿ ಮೇಡಂ. ಐದು ಅಂಕದ್ದು. ಉತ್ತರ ತಿದ್ದೋ ಯಂತ್ರಕ್ಕೆ ನಾವು ಕೊಟ್ಟಿರೋ ಉತ್ತರಾನೇ ತಪ್ಪು.”

ಕಾದ ಕಬ್ಬಿಣದ ತುಂಡನ್ನು ನೀರಿಗೆ ಹಾಕಿದರೆ ಕೊನೆಗೆ ಉಳಿಯುವ ಉಷ್ಣತೆ ಎಷ್ಟು? ಕುಲಪತಿ ಯಾವುದೋ ಆಮಂತ್ರಣಪತ್ರಿಕೆಯ ಬೆನ್ನ ಮೇಲೆ ಮೂರು ಸಾಲಿನಲ್ಲಿ ಬಿಡಿಸಿದರು. ಮೇಷ್ಟ್ರು ಹೇಳಿದ್ದು ನಿಜ.

ಕುಲಸಚಿವರು ಬಂದು ಬಾಗಿಲು ಮುಚ್ಚಿದರು. “ರಿಸಲ್ಟ್ ಬಂದು ಹದಿನೈದು ದಿನ ಆಯ್ತು. ಯಾರೂ ಕೇಳಿಲ್ಲ. ನಿಮ್ಮ ಅವಧಿ ಮುಂದುವರಿಸೋ ಕಡತ ಬೇರೆ ಮೇಲೆ ಹೋಗಿದೆ. ಇರಲಾರದೆ ಇರುವೆ ಬಿಟ್ಕೊಳ್ಳೋದು ಯಾಕೆ ಮೇಡಂ?”

ಬೇಡ ಅಂತಲೇ ಅವರಿಗೂ ಅನಿಸಿತು. ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದರು. ಗಂಡ ಬಟಾಣಿ ಸುಲಿಯುತ್ತಿದ್ದರು.

“ಇನ್ನೊಂದ್ಸಲ ಎಲ್ಲರನ್ನೂ ಎದುರು ಹಾಕ್ಕೊಳ್ಳೋ ಶಕ್ತಿ ನನಗಿಲ್ಲ ರೀ.”

“ಹಾಗಾದ್ರೆ ಬಿಟ್ಬಿಡು.”

“ಬಿಟ್ರೆ ಆಗುತ್ತಾ?”

“ನನ್ನ ಕೇಳಿದ್ರೆ ಬಿಟ್ಬಿಡು ಅಂತಾನೇ ಹೇಳ್ತೀನಿ. ಮದುವೆಯಾದಾಗಿಂದ ನನ್ನ ಮಾತು ಒಂದಾದ್ರೂ ಕೇಳಿದ್ದೀಯಾ?”

ನಗು ಬಂತು. ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಕಚೇರಿಗೆ ಹೋದವರೇ ಮರುಮೌಲ್ಯಮಾಪನದ ಆದೇಶಕ್ಕೆ ಸಹಿ ಹಾಕಿದರು.

ಫೇಲಾಗಿದ್ದ ನೂರಾ ಹನ್ನೆರಡು ಮಂದಿ ಪಾಸಾದರು. ಪಾಸಾಗಿದ್ದ ಮೂವತ್ತೊಂದು ಮಂದಿ ಫೇಲಾದರು. ಅವರಿಗಾದರೂ ಕೃಪಾಂಕ ಕೊಡೋಣವೆಂದು ಕುಲಪತಿ ಸಭೆಯಲ್ಲಿ ಎರಡು ಗಂಟೆ ವಾದಿಸಿದರು. ನಿಯಮದಲ್ಲಿ ಇಲ್ಲ ಎಂದು ಸಮಿತಿ ಒಪ್ಪಲಿಲ್ಲ. ಪಾಸಾದವರು ಧನ್ಯವಾದ ಹೇಳಲು ಬರಲಿಲ್ಲ, ಎರಡು ವಾರ ತಲೆ ತಗ್ಗಿಸಿ ಓಡಾಡಿದ್ದಕ್ಕೆ ಯಾರು ಹೊಣೆ ಎಂದು ಕೇಳಲು ಬಂದರು. ಫೇಲಾದವರು ಗೇಟಿನ ಮುಂದೆ ಕೂತರು. ಅದೇ ವಾರ ಕುಲಪತಿಯವರ ಕಡತವೂ ವಾಪಸ್ಸು ಬಂತು. ಅವಧಿ ಮುಂದುವರಿಯಲಿಲ್ಲ.

ಒಂದು ದಿನ ಬಸ್ಸು ಓಡಿಸುವವರೊಬ್ಬರು ಸಮವಸ್ತ್ರದಲ್ಲೇ ಬಂದು ನಿಂತರು.

“ಮಗಳು ಪಾಸಾದ್ಲು ಅಂತ ಡಿಪೋದಲ್ಲೆಲ್ಲ ಹೇಳ್ಕೊಂಡಿದ್ದೆ. ತಪ್ಪು ನಿಮ್ಮದು, ಫೇಲಾಗಿದ್ದು ಅವಳು. ಇದ್ಯಾವ ನ್ಯಾಯ ತಾಯಿ?”

ಕುಲಪತಿ ಎದುರಿನ ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ ಅಣ್ಣ,” ಎಂದರು. “ತಪ್ಪು ನಮ್ಮದೇ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇಟ್ಟಿದ್ದೀವಿ. ಅವಳಿಗೆ ಯಾವುದು ಅರ್ಥ ಆಗ್ತಿಲ್ಲ?”

“ನನಗೇನು ಗೊತ್ತು. ಹೊರಗೆ ಕೂತಿದ್ದಾಳೆ, ನೀವೇ ಕೇಳಿ.”

ಹುಡುಗಿ ಮುಖ ಊದಿಸಿಕೊಂಡೇ ಒಳಗೆ ಬಂದಳು. ಕುಲಪತಿ ಕಡತಗಳನ್ನು ಪಕ್ಕಕ್ಕೆ ಸರಿಸಿ ಒಂದು ಖಾಲಿ ಹಾಳೆ ತೆಗೆದರು. ಉಷ್ಣತೆ ಬೇರೆ, ಶಾಖ ಬೇರೆ ಅನ್ನುವುದನ್ನು ಮೂರು ಸಲ ಹೇಳಬೇಕಾಯಿತು. ಹೊರಗೆ ಇಬ್ಬರು ಮುಖ್ಯಸ್ಥರು ಕಾಯುತ್ತಿದ್ದರು. ಕಾಯಲಿ ಎಂದು ಕೈಸನ್ನೆ ಮಾಡಿದರು. ಮುಕ್ಕಾಲು ಗಂಟೆಯಾದ ಮೇಲೆ ಹುಡುಗಿ ತಾನೇ ಪೆನ್ನು ಎಳೆದುಕೊಂಡು ಒಂದು ಲೆಕ್ಕ ಬಿಡಿಸಿದಳು, ಅರ್ಧ ಸರಿ.

“ನಾಳೆನೂ ಬರ್ಬೇಕಾ?” ಎಂದಳು, ಇನ್ನೂ ಸಿಟ್ಟಿನಲ್ಲೇ.

“ಬಾ. ನಾನು ಇನ್ನೂ ಒಂಬತ್ತು ದಿನ ಇರ್ತೀನಿ.”