ಅರವತ್ತರ ಶರತ್ತು

ಮುಧೋಳದ ಕಾಳಿನ ವ್ಯಾಪಾರಿ ಗಿರಿಮಲ್ಲಪ್ಪನ ಹೆಂಡತಿ ಇಂದ್ರವ್ವನಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತಿತ್ತು. ಮನೆಯವರಿಗೆಲ್ಲ ಅದು ಗೊತ್ತು. ಅರವತ್ತೇಳನೇ ಇಸವಿಯ ಜೂನ್ ತಿಂಗಳಲ್ಲಿ ಮಗಳು ಮುತ್ತವ್ವ ಹೈಸ್ಕೂಲಿನಿಂದ ಬಂದು ಚೀಲವನ್ನು ಗೂಟಕ್ಕೆ ಹಾಕಿ, "ನನ್ನ ಹೆಸರು ಸಾಯನ್ಸಿಗೆ ಹಚ್ಚಲಿಲ್ಲ ಬೇ ಯವ್ವಾ, ಹೊಲಿಗಿ ಕ್ಲಾಸಿಗೆ ಹಾಕ್ಯಾರ" ಎಂದಾಗ, ಇಂದ್ರವ್ವ ಜೋಳದ ಮೊರವನ್ನು ಕೆಳಗಿಟ್ಟಳು.

"ಯಾಕಂತ?"

"ಹುಡಿಗಿ ತಲಿ ಅಷ್ಟು ಭಾರ ತಡಿಯೂದಿಲ್ಲಂತ. ಹೆಡ್‌ಮಾಸ್ತರ್ರು ಅಂದ್ರು."

ಆ ಭಾರ ಎಷ್ಟು ಅನ್ನುವುದು ಇಂದ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು. ಬೇಸಿಗೆ ಸೂಟಿಯಲ್ಲಿ ಸಾಯನ್ಸ್ ಕಲಿಸುವ ಗಂಗಾರಾಮ ಮಾಸ್ತರ ಮನೆಗೇ ಬಂದು, ಕಟ್ಟೆಯ ಮೇಲೆ ಕೂತು, ಅದನ್ನೆಲ್ಲ ಬಿಡಿಸಿ ಹೇಳಿದ್ದ. ಅನಗವಾಡಿಯ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಒಂಬತ್ತನೇ ಇಯತ್ತೆಯಿಂದ ಮಕ್ಕಳು ವಿಷಯ ಆರಿಸಿಕೊಳ್ಳಬೇಕು. ಸಾದಾ ಗಣಿತ ತಗೊಂಡರೆ ಮುಂದೆ ಕಾಲೇಜಿನಲ್ಲಿ ಸಾಯನ್ಸಿನ ಬಾಗಿಲೇ ಮುಚ್ಚಿದ ಹಾಗೆ. ಮುತ್ತವ್ವ ಹೈಯರ್ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರನ್ನೂ ತಗೋಬೇಕು ಅಂದಿದ್ದ. ಅಂದವನು ಅಲ್ಲಿಗೇ ನಿಲ್ಲಿಸಿರಲಿಲ್ಲ.

"ಸುಳ್ಳು ಹೇಳಂಗಿಲ್ರಿ, ತ್ರಾಸ ಐತಿ. ಎಂಟನೇತ್ತೆ ರೇಖಾಗಣಿತ ಅರ್ಧಾ ಬಿಟ್ಟಾರ, ಅದನ್ನ ಈ ಸೂಟ್ಯಾಗ ಮುಗಸಬೇಕು. ಇಂಗ್ಲಿಷೂ ಗಟ್ಟಿ ಆಗಬೇಕು, ಕಾಲೇಜಿನ್ಯಾಗ ಎಲ್ಲಾ ಅದರಾಗ ಹೇಳ್ತಾರ."

"ಹಂಗಾರ ಯಾವುದರ ಒಂದು ಬಿಡಬೇಕಲ್ರಿ" ಅಂದಿದ್ದಳು ಇಂದ್ರವ್ವ. "ಅಕಿ ಹಿಂದಿ ಪರೀಕ್ಷಾ ಬ್ಯಾರೆ ಕಟ್ಟಾಕತ್ತಾಳ."

"ಅದನ್ನ ಬಿಡ್ರಿ. ಎರಡು ವರ್ಷದ ಮ್ಯಾಲ ಕಟ್ಟಿದ್ರೂ ನಡೀತೈತಿ."

ಹೀಗೆ ಮೂವರೂ ಕೂತು ಒಂದು ಲೆಕ್ಕಕ್ಕೆ ಬಂದಿದ್ದರು. ಮುತ್ತವ್ವ ಹಿಂದಿ ಪರೀಕ್ಷೆ ಬಿಟ್ಟಳು, ಹಾಡಿನ ಕ್ಲಾಸು ಬಿಟ್ಟಳು. ಇಂದ್ರವ್ವ ಮಗಳ ಪಾಲಿನ ಮುಂಜಾನೆಯ ನೀರು ತರುವ ಕೆಲಸವನ್ನು ತಾನೇ ತಗೊಂಡು, ಆ ಹೊತ್ತನ್ನು ಗಣಿತಕ್ಕೆ ಕೊಟ್ಟಳು. ಐತವಾರ ಮಧ್ಯಾಹ್ನ ಪುಸ್ತಕ ಮುಟ್ಟಬಾರದು ಅನ್ನುವುದೂ ಇಂದ್ರವ್ವನದೇ ಕಟ್ಟಳೆ. "ಎತ್ತಿಗೂ ಒಂದಿನ ನೊಗ ಇಳಸ್ತೇವಿ" ಅಂದಿದ್ದಳು.

ಹುಡುಗಿಯ ತಲೆ ಯಾವ ಕಡೆ ಓಡುತ್ತದೆ ಅನ್ನುವುದನ್ನು ತಾಯಿ ಮಾಸ್ತರನಿಗಿಂತ ಮೊದಲೇ ಕಂಡಿದ್ದಳು. ಒಂದು ಚಳಿಗಾಲ ಮನೆಯಲ್ಲಿ ಮೊಸರು ಸರಿಯಾಗಿ ಹೆಪ್ಪುಗಟ್ಟದೆ ನೀರಾಗುತ್ತಿದ್ದಾಗ, ಮುತ್ತವ್ವ ಹಾಲನ್ನು ನಾಲ್ಕು ಬಟ್ಟಲಿಗೆ ಹಾಕಿ, ಒಂದನ್ನು ಒಲೆಯ ಬದಿಗೆ, ಒಂದನ್ನು ಜೋಳದ ಚೀಲದ ನಡುವೆ, ಒಂದನ್ನು ಬಯಲಿಗೆ, ಒಂದನ್ನು ನೀರಿನ ಹರವಿಯ ಮಗ್ಗುಲಿಗೆ ಇಟ್ಟು, ಮನೆಮಂದಿಗೆ ಮೊಸರೇ ಇಲ್ಲದಂತೆ ಮಾಡಿದ್ದಳು. ಅಜ್ಜಿ ಬೈದಳು. ಆದರೆ ಆ ಚಳಿಗಾಲ ಕಳೆಯುವ ತನಕ ಮೊಸರಿನ ಗಡಿಗೆ ಜೋಳದ ಚೀಲಗಳ ನಡುವೆಯೇ ಕೂತಿತ್ತು.

ಈಗ ಹೆಡ್‌ಮಾಸ್ತರರ ಒಂದು ಮಾತಿಗೆ ಅಷ್ಟೂ ಲೆಕ್ಕ ಹಾಳಾಗಿತ್ತು.

ರಾತ್ರಿ ಊಟಕ್ಕೆ ಕೂತ ಗಂಡನಿಗೆ ಇಂದ್ರವ್ವ ವಿಷಯ ಹೇಳಿದಳು. ಗಿರಿಮಲ್ಲಪ್ಪ ರೊಟ್ಟಿ ಮುರಿಯುತ್ತ ತಲೆ ಕೆಳಗೆ ಹಾಕಿದ. ಹೆಡ್‌ಮಾಸ್ತರ ಶಿವಯೋಗೆಪ್ಪ ಅವನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಬಾಕಿನ ಮೇಲೆ ಕೂತು ಓದಿದವರು.

"ಶಿವಯೋಗೆಪ್ಪ ಹಂಗ್ಯಾಕ ಮಾಡ್ತಾನ, ಏನರ ತಿಳದ ಮಾಡಿರಬೇಕು."

"ಏನ್ ತಿಳದಾರಂತ ನಾ ಕೇಳಿ ಬರ್ತೇನಿ" ಅಂದಳು ಇಂದ್ರವ್ವ.

ಮರುದಿನ ಹೋದಳು. ಶಿವಯೋಗೆಪ್ಪ ಎದ್ದು ನಿಂತು, ಗೆಳೆಯನ ಹೆಂಡತಿ, ವೈನಿ ಬಂದರೆಂದು ಕುರ್ಚಿ ಹಾಕಿಸಿ, ಚಹಾ ತರಿಸಿದ. ಮಾತೂ ಸಕ್ಕರೆಯಂತೆಯೇ ಇತ್ತು.

"ವೈನಿ, ಮುತ್ತವ್ವ ನನ್ನ ಮಗಳಿದ್ಹಂಗ. ಆದ್ರ ಸಾಯನ್ಸಿನ ಪ್ರಯೋಗದ ತಾಸು, ಹುಡುಗ್ಯಾರ ಹೊಲಿಗಿ ತಾಸು ಎರಡೂ ಒಂದ ಹೊತ್ತಿಗಿ ಬರ್ತಾವ. ಹೊಲಿಗಿ ಹುಡುಗ್ಯಾರಿಗಿ ಕಡ್ಡಾಯ. ನಾ ಏನ್ ಮಾಡ್ಲಿ?"

"ಟೈಮ್‌ಟೇಬಲ್ ಯಾರು ಮಾಡ್ಯಾರ್ರಿ?"

"ನಾನ."

"ಹಂಗಾರ ನೀವ ಬದಲ ಮಾಡಬಹುದಲ್ರಿ."

ಶಿವಯೋಗೆಪ್ಪ ನಕ್ಕ. "ಒಂದು ಹುಡಿಗಿ ಸಲುವಾಗಿ ಇಡೀ ಸಾಲಿ ಟೈಮ್‌ಟೇಬಲ್ ಬದಲ ಮಾಡಂದ್ರ ಹೆಂಗ್ರಿ? ಮತ್ತ ಅಕಿಗರ ಎದಕ ಈ ಭಾರ? ನಾಳೆ ಲಗ್ನಾ ಆಗಿ ಹೋಗಾಕಿ. ಇದೆಲ್ಲಾ ತಲಿಯೊಳಗ ತುಂಬಿದ್ರ ಪ್ರಕೃತಿ ಕೆಡತೈತಿ."

"ಮೊನ್ನೆ ಬ್ಯಾಸಗಿ ತನಕಾ ಅದ ತಲಿ ಮ್ಯಾಲ ತುಂಬಿದ ಕೊಡ ಹೊತ್ತು ಹೊಳಿಯಿಂದ ಬರ್ತಿದ್ಳು. ಆವಾಗ ಯಾರೂ ಪ್ರಕೃತಿ ಕೇಳಲಿಲ್ಲ."

ಚಹಾ ಆರುತ್ತ ಕೂತಿತು. ಹೊಲಿಗೆ ಕಲಿಸುವ ರತ್ನಾಬಾಯಿ ಅಕ್ಕೋರು ಹಾಜರಿ ಕೊಡಲು ಒಳಗೆ ಬಂದವರು ಟೈಮ್‌ಟೇಬಲ್ಲಿನ ಮಾತಿನಿಂದಲೇ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ಹೆಂಗಸು.

"ಸರ, ನಂದೇನೂ ಅಡ್ಡಿ ಇಲ್ಲರಿ" ಅಂದರು. "ಮುತ್ತವ್ವ ಶನಿವಾರ ಸಾಲಿ ಬಿಟ್ಟ ಮ್ಯಾಲ ಬರ್ಲಿ, ನಾ ಕುಂತು ಹೇಳಿಕೊಡ್ತೇನಿ. ಪರೀಕ್ಷಾದಾಗ ಎಲ್ಲಾರಂಗ ಹೊಲದು ತೋರಿಸಿದ್ರ ಆತು."

ಇನ್ನು ಟೈಮ್‌ಟೇಬಲ್ಲಿನ ನೆವ ಉಳಿಯಲಿಲ್ಲ. ಶಿವಯೋಗೆಪ್ಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಆಮೇಲೆ ಅಂದ:

"ಆತು. ಆದ್ರ ಒಂದು ಶರತ್ತು. ದಸರೆ ಸೂಟಿ ಮುಂದಿನ ಪರೀಕ್ಷಾದಾಗ ಹೈಯರ್ ಗಣಿತದಾಗ ಅರವತ್ತಕ್ಕ ಕಡಿಮಿ ಬಿತ್ತಂದ್ರ ಸುಮ್ಮನ ಹೊಲಿಗಿ, ಸಾದಾ ಗಣಿತಕ್ಕ ಬರಬೇಕು. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

ಆ ಹೊತ್ತಿಗೆ ಒಪ್ಪಿಕೊಂಡು ಬಂದಳು ಇಂದ್ರವ್ವ. ಆದರೆ ಮನೆಯ ದಾರಿಯಲ್ಲಿ ಬರುಬರುತ್ತ ಅವಳ ನಡಿಗೆ ನಿಧಾನವಾಯಿತು. ಗಂಡುಹುಡುಗರಿಗೆ ಈ ಶರತ್ತು ಇದೆಯೋ ಇಲ್ಲವೋ ಅಂತ ತಾನು ಕೇಳಲೇ ಇಲ್ಲವಲ್ಲ.

ಮುತ್ತವ್ವ ದುಡಿದಳು. ಮುಂಜಾನೆ ಬೀಜಗಣಿತ, ಸಂಜೆ ಇಂಗ್ಲಿಷು, ಶನಿವಾರ ಮಧ್ಯಾಹ್ನ ರತ್ನಾಬಾಯಿ ಅಕ್ಕೋರ ಎದುರು ಕಾಜಾ, ಗುಂಡಿ. ಪ್ರಯೋಗದ ಕೋಣೆಯಲ್ಲಿ ಹುಡುಗರೆಲ್ಲ ಮುಂದೆ ನಿಂತು ಅವಳಿಗೆ ಏನೂ ಕಾಣದಂತಾದಾಗ ಗಂಗಾರಾಮ ಮಾಸ್ತರ ಅವಳನ್ನು ಕರೆದು ಬರ್ನರಿನ ಪಕ್ಕಕ್ಕೆ ನಿಲ್ಲಿಸಿದ. ಹಿಂದಿನಿಂದ ಯಾರೋ ನಕ್ಕರು. ಅವಳು ಮನೆಗೆ ಬಂದು ನಕ್ಕವರ ಸುದ್ದಿ ಹೇಳಲಿಲ್ಲ; ಗಾಜಿನ ನಳಿಕೆಯಲ್ಲಿ ನೀಲಿ ಹರಳು ಕಾಯಿಸಿದರೆ ಬೆಳ್ಳಗಾಗುತ್ತದೆ, ನೀರು ಬಿಟ್ಟರೆ ಮತ್ತೆ ನೀಲಿಯಾಗುತ್ತದೆ ಅನ್ನುವುದನ್ನು ಮಾತ್ರ ಅಜ್ಜಿಗೂ ತಾಯಿಗೂ ಎರಡೆರಡು ಸಲ ಹೇಳಿದಳು.

ದಸರೆ ಸೂಟಿಗೆ ಮೊದಲು ಪರೀಕ್ಷೆಯಾಯಿತು. ಹೈಯರ್ ಗಣಿತದಲ್ಲಿ ಅವಳಿಗೆ ಐವತ್ತಾರು ಬಂತು.

ಮುತ್ತವ್ವ ಅಳಲಿಲ್ಲ. "ಒಂದು ದೊಡ್ಡ ಲೆಕ್ಕದಾಗ ಚಿಹ್ನಿ ತಪ್ಪಿದೆ ಬೇ" ಅಂದು, ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಡತೊಡಗಿದಳು. ನಾಳೆಯಿಂದ ಹೊಲಿಗೆ ಕ್ಲಾಸಿನಲ್ಲಿ ಕೂಡಬೇಕೆಂದು ಆಗಲೇ ಹೇಳಿಯಾಗಿತ್ತು. ಮಗಳು ಪುಸ್ತಕ ಸುತ್ತುವುದನ್ನು ನೋಡುತ್ತ ನಿಂತ ಇಂದ್ರವ್ವನಿಗೆ ಮೈಯೆಲ್ಲ ಕಾವೇರಿತು.

"ಉಳಿದವರಿಗಿ ಎಷ್ಟು ಬಿದ್ದಾವ?"

"ಬೋರ್ಡಿಗಿ ಹಚ್ಚ್ಯಾರ. ನಾ ನಂದಷ್ಟ ನೋಡ್ದೆ."

"ನಡಿ."

ಶಾಲೆಯ ಪಡಸಾಲೆಯಲ್ಲಿ ಅಂಕಗಳ ಹಾಳೆ ತೂಗುತ್ತಿತ್ತು. ಇಂದ್ರವ್ವ ಮಗಳಿಂದ ಒಂದೊಂದೇ ಹೆಸರು ಓದಿಸಿದಳು. ನಲವತ್ತು, ಮೂವತ್ತೆಂಟು, ಐವತ್ತೊಂದು, ಇಪ್ಪತ್ತೊಂಬತ್ತು. ಅರವತ್ತು ದಾಟಿದವರು ಮೂವರು. ಅವರ ಕೆಳಗೆ ಎಲ್ಲರಿಗಿಂತ ಮುಂದೆ ಮುತ್ತವ್ವ. ಅವಳ ಕೆಳಗೆ ಇಡೀ ತರಗತಿ.

ಇಂದ್ರವ್ವ ಕೇಳದೆಯೇ ಹೆಡ್‌ಮಾಸ್ತರರ ಕೋಣೆಯೊಳಗೆ ಹೋದಳು. ಈ ಸಲ ಕುರ್ಚಿಯ ಮೇಲೆ ಕೂಡಲಿಲ್ಲ.

"ಮಾಸ್ತರ್ರ, ನನ್ನ ಮಗಳನ್ನ ಹೊಲಿಗಿ ಕ್ಲಾಸಿಗೆ ಕಳಸ್ತೇನಿ. ನಾ ಮಾತು ತಪ್ಪಾಕಿ ಅಲ್ಲ."

"ಅದ ಛಲೋ, ವೈನಿ."

"ಅಕಿಗಿಂತ ಕಡಿಮಿ ಬಿದ್ದ ಹುಡುಗೂರ್ನೂ ಕಳಸ್ರಿ. ಎಲ್ಲಾರ್ನೂ. ಹೈಯರ್ ಗಣಿತದ ಭಾರ ಅವರ ತಲಿನೂ ತಡದಿಲ್ಲ, ಅವರ ಪ್ರಕೃತಿನೂ ಕೆಡತೈತಿ. ನಾಳೆಯಿಂದ ಅವರೂ ಕಾಜಾ ಮಾಡಾಕ ಕಲೀಲಿ."

"ಏನ್ ಮಾತಾಡಾಕತ್ತೀರಿ? ಅವರು ಗಂಡುಹುಡುಗೂರು."

"ಶರತ್ತು ಗಣಿತದ್ದೋ, ಗಂಡು-ಹೆಣ್ಣಿಂದೋ? ಗಣಿತದ್ದಾದ್ರ ಎಲ್ಲಾರಿಗೂ ಹಚ್ಚ್ರಿ. ಹೆಣ್ಣಿಂದಾದ್ರ ಹಂಗಂತ ಬಾಯಿ ಬಿಟ್ಟು ಹೇಳ್ರಿ, ಊರ ಮಂದಿ ಕೇಳ್ಲಿ."

ಶಿವಯೋಗೆಪ್ಪನ ಮುಖ ಕೆಂಪಾಯಿತು. ಬಾಗಿಲಲ್ಲಿ ಮಾಸ್ತರರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ರತ್ನಾಬಾಯಿ ಅಕ್ಕೋರು ಮೆತ್ತಗೆ, "ಅಷ್ಟು ಹುಡುಗೂರು ಬಂದ್ರ ನನ್ನ ಕಡೆ ಸೂಜಿ ಸಾಲಂಗಿಲ್ರಿ ಸರ" ಅಂದರು. ಯಾರೋ ಕೆಮ್ಮಿದರು. ಶಿವಯೋಗೆಪ್ಪ ಸಿಪಾಯಿ ಹುಲೆಪ್ಪನನ್ನು ಕರೆದು, ಗಿರಿಮಲ್ಲಪ್ಪನನ್ನು ಅಂಗಡಿಯಿಂದ ಕರಕೊಂಡು ಬಾ ಎಂದು ಕಳಿಸಿದ. ಹೆಂಡತಿಗೆ ಬುದ್ಧಿ ಹೇಳಿ ಮನೆಗೆ ಕರೆದೊಯ್ಯಲಿ ಅನ್ನುವುದು ಅವನ ಲೆಕ್ಕ. ಇಂದ್ರವ್ವನೂ ಹಾಗೇ ಆದೀತೆಂದುಕೊಂಡಳು; ಗಂಡ ಏನಾದರೂ ಅಂದರೆ ಅವನಿಗೂ ಎದುರು ನಿಲ್ಲಬೇಕೆಂದು ಸೆರಗು ಬಿಗಿದಳು.

ಗಿರಿಮಲ್ಲಪ್ಪ ಅಂಗಿಯ ಮೇಲಿನ ಕಾಳಿನ ಹೊಟ್ಟು ಕೊಡವುತ್ತ ಬಂದ. ಗೆಳೆಯ ಹೇಳಿದ್ದನ್ನೆಲ್ಲ ಕೇಳಿದ. ಪಡಸಾಲೆಗೆ ಹೋಗಿ ಹಾಳೆಯನ್ನು ತಾನೂ ಓದಿದ. ತಿರುಗಿ ಬಂದು, ಜಗಳದ ದನಿಯೇ ಇಲ್ಲದೆ ಕೇಳಿದ:

"ಶಿವಯೋಗೆಪ್ಪಾ, ನಾವು ಓದೂವಾಗ ಗಣಿತದಾಗ ನಿನಗೆಷ್ಟು ಬರ್ತಿದ್ವೋ?"

ಶಿವಯೋಗೆಪ್ಪ ಬಾಗಿಲಲ್ಲಿ ನಿಂತ ಮಾಸ್ತರರ ಕಡೆ ನೋಡಿದ.

"ನನಗ ಗೊತ್ತೈತಿ, ಬಾಜೂಕ ಕುಂದರ್ತಿದ್ದೆ. ಐವತ್ತಾರು ಎಂದಾದ್ರೂ ಬಿದ್ದಿತ್ತೇನು? ಆದ್ರೂ ನಿನ್ನನ್ನ ಯಾರೂ ಹೊಲಿಗಿ ಕ್ಲಾಸಿಗೆ ಕಳಸಲಿಲ್ಲ. ಹೆಡ್‌ಮಾಸ್ತರ ಆದಿ."

ಇಂದ್ರವ್ವ ಗಂಡನ ಕಡೆ ನೋಡಿದಳು. ಲಗ್ನವಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ಯಾರಿಗೂ ಎದುರು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

ಶಿವಯೋಗೆಪ್ಪ ಮೇಜಿನ ಮೇಲಿನ ಕಾಗದ ಸರಿಸುತ್ತ, "ಇರ್ಲಿ ಬಿಡ್ರಿ. ಅಕಿ ಅಲ್ಲೇ ಕುಂದರ್ಲಿ" ಅಂದ. ತಪ್ಪಾಯಿತು ಅನ್ನಲಿಲ್ಲ. ಮುತ್ತವ್ವ ಮನೆಗೆ ಹೋಗಿ ಮಾಡದಿಂದ ಪುಸ್ತಕ ತೆಗೆದು, ಚಿಹ್ನೆ ತಪ್ಪಿದ ಲೆಕ್ಕವನ್ನು ಮೊದಲಿನಿಂದ ಮಾಡಿದಳು.

ಮುಂದಿನ ಪರೀಕ್ಷೆಯಲ್ಲಿ ಅರವತ್ತು ದಾಟಿದಳು, ಒಂದು ಸಲ ಮತ್ತೆ ಕೆಳಗಿಳಿದಳು, ಯಾರೂ ಕೇಳಲಿಲ್ಲ. ಮರುವರ್ಷದ ಕೊನೆಗೆ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಬಾಗಲಕೋಟೆಯ ಕಾಲೇಜಿನಲ್ಲಿ ಸಾಯನ್ಸಿಗೆ ಸೇರಿದಳು. ಊರಲ್ಲಿ ಮಾತಾಯಿತು. ಆ ವರ್ಷ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಶಾಲೆಯವರು ತಂದೆತಾಯಿಯನ್ನೂ ಸತ್ಕಾರಕ್ಕೆ ಕರೆದರು.

ವೇದಿಕೆಯ ಮೇಲೆ ಶಿವಯೋಗೆಪ್ಪ ಮೈಕಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಿದ. ತಾಲೂಕಿನಲ್ಲಿ ಹೆಣ್ಣುಮಕ್ಕಳಿಗೆ ಸಾಯನ್ಸಿನ ಬಾಗಿಲು ತೆರೆದದ್ದು ನಮ್ಮ ಸಂಸ್ಥೆ ಅಂದ. ಮುತ್ತವ್ವನ ಬುದ್ಧಿಯನ್ನು ತಾನು ಮೊದಲೇ ಗುರುತಿಸಿದ್ದೆ ಅಂದ. ಕೆಳಗೆ ಕೂತ ಗಂಗಾರಾಮ ಮಾಸ್ತರ ತನ್ನ ಚಪ್ಪಲಿ ನೋಡುತ್ತಿದ್ದ. ಅವನ ಹೆಸರು ಎಲ್ಲೂ ಬರಲಿಲ್ಲ, ರತ್ನಾಬಾಯಿ ಅಕ್ಕೋರ ಹೆಸರೂ ಬರಲಿಲ್ಲ. ಕೇಳುತ್ತ ಕೇಳುತ್ತ ಇಂದ್ರವ್ವನಿಗೆ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು. ಹಿಂದಿನ ವಾರವಷ್ಟೇ ಓಣಿಯ ತಾಯವ್ವ ಬಂದು, ತನ್ನ ಮಗಳಿಗೂ ಅರವತ್ತರ ಶರತ್ತು ಹಾಕಿದ್ದಾರೆ ಎಂದು ಹೇಳಿ ಹೋಗಿದ್ದಳು.

ಕಾಯಿ, ಕುಪ್ಪಸದ ಖಣ ಕೊಡಲು ಶಿವಯೋಗೆಪ್ಪ ಕರೆದಾಗ ಇಂದ್ರವ್ವ ವೇದಿಕೆ ಹತ್ತಿದಳು. ಆದರೆ ಕೈಯೊಡ್ಡಲಿಲ್ಲ.

"ಮಾಸ್ತರ್ರ, ಒಂಬತ್ತನೇತ್ತೆಗೆ ಬರೂ ಹುಡುಗ್ಯಾರಿಗಿ ಆ ಶರತ್ತು ಇನ್ನೂ ಐತೇನ್ರಿ?"

ಅವಳ ದನಿ ಮೈಕಿಗೆ ತಾಗಿ ಕೊನೆಯ ಸಾಲಿನ ತನಕ ಹೋಯಿತು. ಶಿವಯೋಗೆಪ್ಪ ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು, "ಈಗ್ಯಾಕ ವೈನಿ ಆ ಮಾತು" ಎಂದು ಪಿಸುಗುಟ್ಟಿದ.

"ಐತೋ, ಇಲ್ಲೋ?"

"ಇಲ್ಲ."

"ಮೈಕಿನ್ಯಾಗ ಹೇಳ್ರಿ."

ಮಂದಿಯೆಲ್ಲ ನೋಡುತ್ತಿದ್ದರು. ಶಿವಯೋಗೆಪ್ಪ ಮೈಕಿನ ಕಡೆ ತಿರುಗಿ, ಇನ್ನು ಮೇಲೆ ಯಾರಿಗೂ ಯಾವ ಶರತ್ತೂ ಇಲ್ಲ ಅಂದ. ಹೆಂಗಸರ ಕಡೆಯಿಂದ ಚಪ್ಪಾಳೆ ಕೇಳಿಬಂತು. ಆಮೇಲೆ ಇಂದ್ರವ್ವ ಕಾಯಿ ತಗೊಂಡಳು.

ಮನೆಗೆ ಹೋಗುವಾಗ ಗಿರಿಮಲ್ಲಪ್ಪ, "ಆತಲ್ಲ, ಇನ್ನರ ಸಮಾಧಾನ ಆತಿಲ್ಲೋ?" ಎಂದು ಕೇಳಿದ.

"ಇಲ್ಲ" ಅಂದಳು ಇಂದ್ರವ್ವ. "ಅದೊಂದು ಮಾತು ಹೇಳಾಕ ಎರಡು ವರ್ಷ ಬೇಕಾತು. ನಡುವ ಎಷ್ಟು ಹುಡುಗ್ಯಾರು ಪುಸ್ತಕ ಸುತ್ತಿ ಇಟ್ಟಾರೋ ಯಾರಿಗ್ಗೊತ್ತು."

ಅಷ್ಟಂದು, ತಾಯವ್ವನ ಮನೆಗೆ ಈಗಲೇ ಹೋಗಿ ಹೇಳಿ ಬರಬೇಕೆಂದು ಅವಳು ಓಣಿಯ ಕಡೆ ತಿರುಗಿದಳು.